ಓದು ನಿಲ್ಲದ ಹಾಗೆ ನೋಡಿಕೊಂಡವರಿಗೆ

ಬಿ.ಕಾಂ. ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದಿದೆ. ಪಾಸಾಗಿದ್ದೇನೆ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಎರಡನೇ ವರ್ಷದಲ್ಲೇ ಓದು ಬಿಡುವ ಮಾತು ಬಂದಿತ್ತು. ಅದು ಮಾತಾಗಿಯೇ ಉಳಿಯಲು ಕಾರಣರಾದವರಿಗೆ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು.

ನನಗೆ ಹಾಸ್ಟೆಲ್ ಸೀಟು ಸಿಕ್ಕಿರಲಿಲ್ಲ. ರೂಮಿನ ಬಾಡಿಗೆ, ಊಟ ಎಲ್ಲವೂ ಅಪ್ಪನ ಕೂಲಿ ದುಡ್ಡಲ್ಲೇ ಆಗಬೇಕಿತ್ತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆ ಇದೆ ಅಂತ ಹೇಳಿದ್ದು ನಮ್ಮ ಸೀನಿಯರ್ ಅಕ್ಕ. ಆಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ ಕೊಡುತ್ತಿದ್ದರು. ವರ್ಷಕ್ಕೆ 15,000. ನಮ್ಮಂಥ ಮನೆಗೆ ಅದು ಸಣ್ಣ ದುಡ್ಡಲ್ಲ. ಅಕ್ಕಾ, ನೀವು ಸುಮ್ನೆ ಹೇಳಿ ಹೋಗಲಿಲ್ಲ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಎಸ್‌ಎಸ್‌ಪಿಯಲ್ಲಿ ನನ್ನ ಖಾತೆ ತೆರೆಯುವ ತನಕ ಪಕ್ಕದಲ್ಲೇ ಕೂತಿದ್ದಿರಿ.

ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅಮ್ಮ ಕೆಲಸ ಬಿಟ್ಟು ನಾಡಕಚೇರಿಗೆ ಹೋದಳು. ಅದರ ಆರ್‌ಡಿ ನಂಬರನ್ನು ಫೋನಿನಲ್ಲಿ ಒಂದೊಂದೇ ಅಂಕಿ ಓದಿ ಹೇಳಿದಳು. ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗದ ಮೇಡಂ ಇ-ದೃಢೀಕರಣ, ಅಂದರೆ ದಾಖಲೆಗಳನ್ನು ಆನ್‌ಲೈನ್‌ನಲ್ಲಿ ದೃಢೀಕರಿಸುವ ಕೆಲಸ, ಮಾಡುವಾಗ ಪ್ರತಿಯೊಂದು ಒರಿಜಿನಲ್ ಪತ್ರವನ್ನೂ ಕೈಗೆ ತೆಗೆದುಕೊಂಡು ನೋಡಿದರು. ಆಧಾರ್‌ನಲ್ಲಿರುವ ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು ಎರಡರ ಮೇಲೂ ಬೆರಳಿಟ್ಟು, ಅಕ್ಷರ ಅಕ್ಷರ ಹೋಲಿಸಿದರು. ಹೊರಗೆ ದೊಡ್ಡ ಕ್ಯೂ ಇತ್ತು. ಆದರೂ ಅವಸರ ಮಾಡಲಿಲ್ಲ.

ಅರ್ಜಿ ಮಂಜೂರಾಯಿತು, ದುಡ್ಡು ಮಾತ್ರ ಬರಲಿಲ್ಲ. ಕಾರಣ ತಿಳಿದದ್ದು ಬ್ಯಾಂಕಿನಲ್ಲಿ. ಅಲ್ಲಿನ ಸರ್ ಕಂಪ್ಯೂಟರ್ ಪರದೆಯನ್ನೇ ನನ್ನ ಕಡೆ ತಿರುಗಿಸಿದರು. ನಾನು ಸ್ಕೂಲಿನಲ್ಲಿದ್ದಾಗ ಬೇರೆ ಬ್ಯಾಂಕಿನಲ್ಲಿ ತೆರೆದ ಖಾತೆಗೇ ನನ್ನ ಆಧಾರ್ ಇನ್ನೂ ಜೋಡಣೆಯಾಗಿತ್ತು. ಆ ಖಾತೆ ಎಷ್ಟೋ ವರ್ಷದಿಂದ ನಿಂತುಹೋಗಿತ್ತು. 'ನೋಡಮ್ಮಾ, ಡಿಬಿಟಿ ದುಡ್ಡು, ಅಂದ್ರೆ ಸರ್ಕಾರ ನೇರವಾಗಿ ಖಾತೆಗೆ ಹಾಕೋ ದುಡ್ಡು, ಪಾಸ್‌ಬುಕ್ ನಂಬರ್ ನೋಡಿ ಬರಲ್ಲ, ಆಧಾರ್ ಎಲ್ಲಿಗೆ ಸೀಡ್ ಆಗಿದೆಯೋ ಅಲ್ಲಿಗೇ ಹೋಗುತ್ತೆ' ಅಂದರು. ಅವರೇ ಫಾರ್ಮ್ ಕೊಟ್ಟರು, ಸಹಿ ಎಲ್ಲಿ ಹಾಕಬೇಕು ಅಂತ ತೋರಿಸಿದರು. ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅನ್ನುವ ದಾಖಲೆ ಇಡುವ ಎನ್‌ಪಿಸಿಐನಲ್ಲಿ ಬದಲಾವಣೆ ಆದ ಮೇಲೆ ತಾವಾಗಿಯೇ ಫೋನ್ ಮಾಡಿ ತಿಳಿಸಿದರು. ಅದು ಅವರ ಕೆಲಸದಲ್ಲಿ ಸೇರಿದ್ದಲ್ಲ, ಅಲ್ವಾ? ಸರ್, ನಿಮ್ಮನ್ನು ನಾನು ಮರೆಯಲ್ಲ.

ದುಡ್ಡು ಬಂದಾಗ ವರ್ಷವೇ ಮುಗಿಯುತ್ತಾ ಬಂದಿತ್ತು. ಬಾಡಿಗೆ ಪ್ರತಿ ತಿಂಗಳೂ ಕಟ್ಟಬೇಕು, ಹಾಗಾಗಿ ಈ ನೆರವು ಸೆಮಿಸ್ಟರ್ ಶುರುವಾಗುವಾಗಲೇ ಸಿಗಬೇಕು ಅನ್ನುವುದು ನನ್ನ ಬಲವಾದ ಅನಿಸಿಕೆ. ಅಷ್ಟು ದಿನ ಬಾಡಿಗೆ ಬಾಕಿ ಇದ್ದರೂ ಮನೆ ಓನರ್ ಆಂಟಿ ಒಂದು ಮಾತೂ ಆಡಲಿಲ್ಲ. 'ಪರೀಕ್ಷೆ ಮುಗಿಸು, ಆಮೇಲೆ ನೋಡೋಣ' ಅಂದರು. ಆಂಟಿ, ಆ ಪರೀಕ್ಷೆಯಲ್ಲಿ ನನಗೆ ಫಸ್ಟ್ ಕ್ಲಾಸ್ ಬಂತು.

ಈ ವರ್ಷ ಅರ್ಜಿ ಹಾಕುವ ತಮ್ಮ ತಂಗಿಯರೇ, ಮೊದಲು ನಿಮ್ಮ ಆಧಾರ್ ಯಾವ ಖಾತೆಗೆ ಸೀಡ್ ಆಗಿದೆ ಅಂತ ನೋಡಿಕೊಳ್ಳಿ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಈಗಲೇ ಹೊಸದಕ್ಕೆ ಹಾಕಿ, ಕೊನೆಯ ದಿನಕ್ಕೆ ಬಿಡಬೇಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನನಗೆ ಮೆಸೇಜ್ ಮಾಡಿ. ಒಟ್ಟಿಗೆ ಕೂತು ತುಂಬೋಣ.