‘ಯಾವ ಮುಖ ಹೊತ್ತು ಬರ್ಲಿ’ ಅಂದ ಮಗಳಿಗೆ

ಬೆಳಗಾವಿ

ಚಿ. ಚೈತ್ರಾಗ ನಿನ್ನ ಕಾಕಾನ ಆಶೀರ್ವಾದಗಳು.

ಮನಿ ಸುದ್ದಿ ನಿಮ್ಮವ್ವ ಫೋನಿನಾಗ ದಿನಾ ಹೇಳತಿರತಾಳ, ಅದನ್ನ ಮತ್ತ ಬರಿಯೂದಿಲ್ಲ. ನಿನ್ನ ಪತ್ರದ ಕಡೀಕ ಒಂದು ಸಾಲು ಐತಿ ನೋಡು, ‘ಪಂಚಮಿಗೆ ಬರಂಗಿಲ್ಲ ಕಾಕಾ, ಯಾವ ಮುಖ ಹೊತ್ತು ಬರ್ಲಿ’ ಅಂತ. ಅದು ಎದಿಯಾಗ ಕುಂತದ್ದು ಏಳವಲ್ದು.

ಗಾಲ್ಫಿನಾಗ ಹೊಡೆತ ಕಡಿಮಿ ಆದಷ್ಟೂ ಚಲೋ. ಆಯ್ಕೆ ಸುತ್ತಿನಾಗ 82 ಹೊಡೆತದತನಕ ಆಡಿದವ್ರ ಹೆಸರು ತಗೊಂಡ್ರು, ನಿನ್ನವು 83. ನೀನು ಪತ್ರದ ತುಂಬ ಬರದದ್ದು ಹದಿನೆಂಟು ಕುಣಿಯಾಗ ಹದಿನೇಳನೇದ್ದು, ಹದಿನೇಳನೇ ಹೋಲಿಂದು; ಪಾರ್ 4ರಾಗ, ಅಂದ್ರ ನಾಕು ಹೊಡೆತದಾಗ ಮುಗೀಬೇಕಾದಲ್ಲಿ, ಎಂಟು ಹೊಡದದ್ದು. ಉಳದ ಹದಿನೇಳು ಹೋಲಿನಾಗ 68ರ ಪಾರಿಗೆ 75 ಆಡೀದಿ, ಅದರ ಬಗ್ಗೆ ಒಂದು ಸಾಲೂ ಇಲ್ಲ.

ಇರ್ಲಿ, ಆ ಎಂಟನ್ನ ಬಿಡಿಸಿ ನೋಡೂಣು. ಮೊದಲನೇ ಹೊಡೆತ ಬಿಳಿ ಗೂಟದ ಆಚಿಗೆ, ಮೈದಾನದ ಗಡಿ ದಾಟಿ ಹೋತು. ಹೊಡೆತ ಒಂದು, ದಂಡ ಒಂದು. ತಿರುಗಿ ಟೀಯಿಂದ, ಹೋಲ್ ಶುರುವಾಗೂ ಜಾಗಾದಿಂದ, ಹೊಡಿಯೂದು ಮೂರನೇದ್ದು. ಅದಕ್ಕೂ ದೂರ ಹೊಡಿಯೂ ಕ್ಲಬ್ಬು (ಕೋಲು), ಡ್ರೈವರ್ ತಗೊಂಡಿ, ಚೆಂಡು ಗಿಡದಾಗ ಸೇರ್ತು. ನಾಕನೇದ್ದು ಎರಡು ಗಿಡದ ಸಂದಿಯಾಗಿಂದ ಗ್ರೀನಿಗೆ, ಕುಣಿ ಇರೂ ನುಣ್ಣನ್ನ ಹುಲ್ಲಿಗೆ, ಕಳಸಾಕ ಹೋಗಿ ಬೊಡ್ಡಿಗೆ ಬಡದು, ಪುಣ್ಯಾಕ ಫೇರ್‌ವೇಕ್ಕ, ನಡುವಿನ ಕತ್ತರಿಸಿದ ಹುಲ್ಲಿನ ದಾರಿಗೆ, ಬಿತ್ತು. ಐದನೇದ್ದು ಗ್ರೀನಿಗೆ, ಆಮ್ಯಾಲ ಚೆಂಡು ಕುಣಿಗೆ ಉರುಳಸಾಕ ಮೂರು ಪಟ್. ಅದ ಮೂರನೇದ್ದನ್ನ ತಣ್ಣಗ ಐರನ್, ಹತೋಟಿಗೆ ಸಿಗೂ ಗಿಡ್ಡ ಕ್ಲಬ್, ತಗೊಂಡು ಫೇರ್‌ವೇಕ್ಕ ಇಟ್ಟಿದ್ರ, ನಾಕನೇದ್ದು ಗ್ರೀನು, ಎರಡು ಪಟ್, ಆರು. ಎಂಟರಾಗ ಆರು ಆಟದ್ದು, ಎರಡು ಸಿಟ್ಟಿಂದು. ನಿನ್ನ ಹೊಟ್ಟಿ ಉರಸಾಕ ಹೇಳಾಕತ್ತಿಲ್ಲವ್ವಾ. ‘ನಾನ ಸರಿ ಇಲ್ಲ’ ಅಂತ ಬರದೀಯಲ್ಲ, ಆ ಎಂಟರಾಗ ‘ನಾನು’ ಅನ್ನೂದು ಎಲ್ಲೈತಿ ಅಂತ ಹುಡಕಾಕತ್ತೀನಿ, ಸಿಗವಲ್ದು.

ಸಿಟ್ಟು ಬಂದಾಗ ಮೊದಲು ಬಿಗಿ ಆಗೂದು ಮುಷ್ಟಿ. ಮುಷ್ಟಿ ಬಿಗಿ ಆದ್ರ ಮುಂಗೈ ಬಿಗಿ ಆಗತೈತಿ, ಕ್ಲಬ್ಬಿನ ಮುಖ ಚೆಂಡಿಗೆ ತಾಗೂ ಹೊತ್ತಿಗೆ ಪೂರಾ ತಿರಗದ ತೆರದ ಉಳೀತೈತಿ, ಬಲಗೈಯಾಗ ಆಡವ್ರ ಚೆಂಡು ಬಲಕ್ಕ ಬಾಗಕೋತ ಹೋಗತೈತಿ. ಎರಡೂ ಡ್ರೈವ್ ಬಲಕ್ಕ ಹೋದ್ವು ಅಂತ ನೀನ ಬರದೀದಿ. ಹತ್ತರಾಗ ನಾಕರಷ್ಟು ಬಿಗಿ ಸಾಕು. ಹೊಡಿಯೂದಕ್ಕ ಮುಂಚೆ ಕ್ಲಬ್ಬಿನ ತಲಿ ನೆಲಾ ಬಿಟ್ಟು ಒಂದೀಟು ಎತ್ತು, ಬೆರಳು ಸಡಲ ಬಿಟ್ಟು ಮತ್ತ ಹಿಡಿ. ನಿನಗ ಕೋಚ್ ಅದಾರ, ನಾನು ಇಲ್ಲಿಂದ ಬಾಯಿ ಹಾಕೂದು ತಪ್ಪು. ಆದ್ರೂ ಹೇಳಬೇಕನಸ್ತು.

ಈ ಆಟದ ಲೆಕ್ಕ ಬರಿಯವ್ರ ಒಂದ ದಿನದ ಮ್ಯಾಲ ಯಾರನ್ನೂ ಅಳಿಯೂದಿಲ್ಲ. 2020ರಿಂದ ಜಗತ್ತಿಗೆಲ್ಲಾ ಒಂದ ಹ್ಯಾಂಡಿಕ್ಯಾಪ್ ಪದ್ಧತಿ, ಆಟಗಾರನ ಮಟ್ಟ ಅಳದು ಅದಕ್ಕ ತಕ್ಕಂಗ ಹೆಚ್ಚಿನ ಹೊಡೆತ ಬಿಡೂ ಲೆಕ್ಕ, ಬಂದೈತಿ: ಕಡೀ 20 ಸುತ್ತಿನಾಗ ಚಲೋ 8 ಆರಿಸಿ ಸರಾಸರಿ ತಗೀತಾರ, ಉಳದ 12 ಬಿಟ್ಟಬಿಡತಾರ. ಒಂದು ಹೋಲ್ ಎಷ್ಟ ಕೆಟ್ರೂ ಪಾರಿನ ಮ್ಯಾಲ ಎರಡು, ಜೋಡಿ ಆ ಹೋಲಿಗೆ ನಿನಗ ಸಿಗೂ ಹೊಡೆತ, ಅಷ್ಟಕ್ಕ ನಿಲ್ಲಸತಾರ. ನಿನ್ನ ಎಂಟು ಆ ಲೆಕ್ಕದಾಗ ಆರೋ ಏಳೋ ಆಗತೈತಿ. ತನ್ನ ಹ್ಯಾಂಡಿಕ್ಯಾಪಿನಷ್ಟು ಆಡೂದು ಯಾರಿಗಾದ್ರೂ ನಾಕೈದು ಸುತ್ತಿಗೊಮ್ಮೆ ಮಾತ್ರ. ಅವ್ರ ಹಿಂಗ ಬಿಟ್ಟುಕೊಡೂದನ್ನ ನೀನು ಯಾಕ ಗಂಟು ಕಟ್ಟಿಕೊಂಡು ಊರತನಕ ಹೊತ್ತು ತರಬೇಕು?

ಊರು ಅಂದ್ಯಾ? ಇಲ್ಲಿ ಗಾಲ್ಫ್ ಮೈದಾನ ಅಂದ್ರ ಮಂದಿಗೆ ನೆನಪಾಗೂದು 2022ರ ಆಗಸ್ಟ್‌ನಾಗ ಅಲ್ಲಿ ಅಡಗಿ ಕುಂತು ಸಾಲಿಗೆ ಸೂಟಿ ಕೊಡಿಸಿದ ಚಿರತಿ. ನೀನು 83 ಅಂದ್ರ ‘ನೂರಕ್ಕ ಎಂಬತ್ತಮೂರಾ? ಭಾಳ ಚಲೋ ಬಿದ್ದಾವ’ ಅಂತಾರ. ಟಿಕೀಟಿನ ಮಾತು ನಿಮ್ಮಪ್ಪಗ ಹೇಳೀನಿ, ರಾಣಿ ಚೆನ್ನಮ್ಮ ಗಾಡಿಗೆ ನೋಡತಾನ.

ಮಂದಿ ಮಾತು ಹಂಗಿರ್ಲಿ, ನಿನಗ ಅಂಜಿಕಿ ಮನಿಯವ್ರದು ಅಂತ ನನಗ ಗೊತ್ತೈತಿ. ಗೆದ್ದಾಗ ಕುಂದಾ ತಂದು ಓಣಿ ತುಂಬ ಹಂಚತೀವಿ, ಸೋತಾಗ ಸುಮ್ನ ಕುಂದರತೀವಿ. ಸಣ್ಣ ಹುಡುಗ್ರು ಆ ಸುಮ್ನಿರೂದನ್ನ ಸಿಟ್ಟು ಅಂತ ಓದಕೋತಾರ. ನಮ್ಮಪ್ಪನೂ ಹಂಗ ಸುಮ್ನಿರಾಂವ. ಅದು ಸಿಟ್ಟೋ, ಏನನಬೇಕು ತಿಳೀದ ಸುಮ್ನಿದ್ನೋ, ಅವ ಇದ್ದಾಗ ಕೇಳಬೇಕಿತ್ತು ಅಂತ ಈಗ ಅನಸತೈತಿ. ನಿಮ್ಮಪ್ಪನ್ದು ಎರಡನೇದ್ದು, ಅದನ್ನ ನಾನು ಬಲ್ಲೆ. ಮಳಿ ಕೈಕೊಟ್ರ ಆ ವರ್ಷದ ಬೆಳಿ ಹೋಗತೈತಿ, ಎರಿ ಹೊಲಕ್ಕ ಯಾರೂ ಹೆಸರಿಡೂದಿಲ್ಲ. ನೀ ನಮಗ ಹೊಲ ಇದ್ದಂಗ, 83 ಒಂದು ಹಂಗಾಮು.

ನೀ ಇರೂ ಬೆಂಗಳೂರಿನಾಕಿ ಅದಿತಿ ಅಶೋಕ್ 2021ರಾಗ ಟೋಕಿಯೋ ಒಲಿಂಪಿಕ್ಸಿನಾಗ ಪಾರಿಗಿಂತ 15 ಕಡಿಮಿ ಆಡಿ ನಾಕನೇಕಿ ಆದ್ಲು. 16 ಕಡಿಮಿ ಇದ್ದ ಇಬ್ಬರು ಬೆಳ್ಳಿ–ಕಂಚು ಹಂಚಕೊಂಡ್ರು. ಆಕಿದೂ ಒಂದ ಹೊಡೆತ. 2023ರಾಗ ಹಾಂಗ್‌ಝೌ ಏಷ್ಯನ್ ಗೇಮ್ಸಿನ ಕಡೀ ದಿನಾ 7 ಹೊಡೆತ ಮುಂದಿದ್ದಾಕಿ 77 ಹೊಡದು ಬೆಳ್ಳಿಗೆ ಬಂದು ನಿಂತ್ಲು. ಉತ್ತರ ಐರ್ಲೆಂಡಿನ ರೋರಿ ಮೆಕಿಲ್‌ರಾಯ್ 2011ರ ಮಾಸ್ಟರ್ಸ್ ಟೂರ್ನಿಯಾಗ 4 ಹೊಡೆತ ಮುಂದಿದ್ದು ಕಡೀ ಸುತ್ತು 80 ಆಡಿದ, ಎರಡು ತಿಂಗಳಿಗೆ ಯುಎಸ್ ಓಪನ್ 8 ಹೊಡೆತದಿಂದ ಗೆದ್ದ. ಇಷ್ಟು ಹೇಳಿ ‘ನೋಡು, ಸೋತವ ಗೆದ್ದ’ ಅಂತ ಎಲ್ಲಾರೂ ಮುಗಸತಾರ. ನನಗ ಆ ಮಾತು ಸೇರೂದಿಲ್ಲ. ಜೂನಿನಾಗ ಗೆಲ್ಲದಿದ್ರ ಅವ ಕಡಿಮಿ ಮನಷ್ಯಾ ಆಗತಿದ್ನೇನು? ಮುಂದಿನ ಸಲ ನೀನು ಆಯ್ಕೆ ಆಗತಿ ಅಂತ ನಾನು ಮಾತು ಕೊಡೂದಿಲ್ಲ. ಆಗಲಿಲ್ಲ ಅಂದ್ರೂ ಪಂಚಮಿ ಉಂಡಿ ನಿನ್ನ ಪಾಲಿಂದು ನಿನಗ.

ಇನ್ನ ಆ ಮೂರು ಪಟ್. ನಲವತ್ತು ಅಡಿಯಿಂದ ಹೊಡದದ್ದು ಎಂಟು ಅಡಿ ಉಳೀತು, ಎಂಟು ಅಡೀದ್ದು ತಪ್ಪಿತು, ‘ಅಷ್ಟೂ ಹಾಕಾಕ ಬರಂಗಿಲ್ಲ ನನಗ’ ಅಂತಿ. ಅಮೆರಿಕದ ದೊಡ್ಡ ವೃತ್ತಿಪರ ಸರಣಿ ಪಿಜಿಎ ಟೂರಿನ ಆಟಗಾರ್ರು ಎಂಟು ಅಡಿಯಿಂದ ಹಾಕೂದು ಎರಡಕ್ಕ ಒಂದು, ಇಪ್ಪತ್ತು ಅಡಿಯಿಂದ ನೂರಕ್ಕ ಹದಿನೈದರ ಸುತ್ತಮುತ್ತ. ಕುಣಿ ಇರೂದು 108 ಮಿಲಿಮೀಟರ್. ತಪ್ಪಿದ್ದು ಎಂಟು ಅಡೀದ್ದಲ್ಲ, ನಲವತ್ತು ಅಡೀದ್ದರ ಅಳತಿ. ಮೂವತ್ತು, ನಲವತ್ತು, ಐವತ್ತು ಅಡಿಯಿಂದ ಹೊಡದು ಕುಣಿ ಸುತ್ತ ಮೂರು ಅಡಿ ಒಳಗ ನಿಲ್ಲಸೂದನ್ನ ರೂಢಿ ಮಾಡು. ಚೆಂಡು ಒಳಗ ಹೋತೋ ಇಲ್ಲೋ ಎಣಸಬ್ಯಾಡ.

ಸಣ್ಣ ನೋಟಬುಕ್ಕಿನಾಗ ಎರಡು ಸಾಲು ಹಾಕಿಕೋ. ಒಂದರಾಗ, ಗುರಿ ಆರಿಸಿ ಕ್ಲಬ್ ಆರಿಸಿ ಮನಸ್ಸು ಗಟ್ಟಿ ಮಾಡಿ ಹೊಡದ್ಯಾ ಅನ್ನೂದು. ಇನ್ನೊಂದರಾಗ ಚೆಂಡು ಎಲ್ಲಿ ಹೋತು ಅನ್ನೂದು. ಮೊದಲನೇದ್ದಕ್ಕ ಗುರುತು ಹಾಕೂದು ಹೊಡದಲ್ಲೇ, ಚೆಂಡಿನ ಹತ್ರ ಹೋಗಿ ಅಲ್ಲ. ಹೋಗಿ ನೋಡಿ ಹಾಕಿದ್ರ ಚಲೋ ಬಿದ್ದದ್ದಕ್ಕೆಲ್ಲಾ ಕೈ ತಾನ ‘ಸರಿ’ ಬರೀತೈತಿ, ಇಲ್ಲೇ ಎಲ್ಲಾರೂ ಎಡವತಾರ. ಬೊಡ್ಡಿಗೆ ಬಡದು ಫೇರ್‌ವೇಕ್ಕ ಬಿದ್ದ ಹೊಡೆತಕ್ಕ ಕಾಟಾ ಬೀಳಬೇಕು. ನಟ್ಟನಡು ಹೋಗಿ ಹುಲ್ಲು ಕಿತ್ತ ತಗ್ಗಿನಾಗ ಕುಂತ ಚೆಂಡಿಗೆ ‘ಸರಿ’ ಬೀಳಬೇಕು. ರಾತ್ರಿ ಮೊದಲನೇ ಸಾಲಷ್ಟ ಎಣಸು.

ಸಿಟ್ಟು ಬರಬಾರದು ಅಂತ ನಾ ಅನ್ನೂದಿಲ್ಲ. ಹತ್ತು ಹೆಜ್ಜಿ ಬೇಕಾದಷ್ಟು ಬೈಕೋ, ಹನ್ನೊಂದನೇದ್ದಕ್ಕ ಕ್ಲಬ್ ಬ್ಯಾಗಿನಾಗ ಇಡು. ಮುಂದಿನ ಹೊಡೆತಕ್ಕ ನಿಯಮದವ್ರು 40 ಸೆಕೆಂಡಿನಾಗ ಮುಗಸ್ರಿ ಅಂತಾರ, ಅದರಾಗ ಹಿಂದಿನ ಹೋಲಿಗೆ ಜಾಗಾ ಸಿಗೂದಿಲ್ಲ. ಚೆಂಡಿನ ಹಿಂದ ನಿಂತು ಒಂದು ಅಡಿ ಮುಂದ ಒಂದು ಎಲೀನೋ ಹುಲ್ಲಿನ ಕಲೀನೋ ಗುರುತು ಹಿಡಿ, ಕ್ಲಬ್ಬಿನ ಮುಖ ಅದಕ್ಕ ಹೊಂದಸು, ಎರಡು ಸಲ ದೂರ ನೋಡು, ಹೊಡಿ.

ಹೇಳೂದು ಹೆಚ್ಚಾತೇನೋ. ಮನಿಗೆ ಫೋನ್ ಮಾಡಿದಾಗ ನಿಮ್ಮಪ್ಪ ಎಷ್ಟ ಹೊಡದಿ ಅಂತ ಕೇಳಿದ್ರ ಹೇಳು, ಹೇಳಿ ‘ಊಟಾತೇನಪ್ಪಾ’ ಅಂತ ನೀನೂ ಕೇಳು. ಆಂವಗೂ ಆಗ ಮಾತು ಹೊಂಡತೈತಿ.

ಮರ್ತಿದ್ದೆ, ಗ್ರಿಪ್ ನೋಡಕೋ. ನುಣಪಾದ ರಬ್ಬರು ಜಾರತೈತಿ, ಜಾರಿದ್ರ ಕೈ ತಾನಾಗೇ ಬಿಗಿ ಹಿಡೀತೈತಿ, ನೀನು ಅದನ್ನ ಮನಸ್ಸಿನ ದೋಷ ಅಂತ ತಿಳಕೋತಿ. ಉಗುರು ಬೆಚ್ಚಗಿನ ನೀರಾಗ ಒಂದೀಟು ಸಾಬೂನು ಹಾಕಿ ಮೆತ್ತನ್ನ ಬ್ರಶ್ಶಿನಿಂದ ತಿಕ್ಕು, ಒಣ ಅರಿವಿಲೆ ಒರಸು, ಬಿಸಲಿಗೆ ಇಡಬ್ಯಾಡ. ಆಮ್ಯಾಲೂ ಹೊಳೀತಿದ್ರ ಬದಲಿ ಮಾಡಸು, ರೊಕ್ಕಾ ನಾ ಕಳಸತೀನಿ.

ಇತಿ ನಿನ್ನ
ಕಾಕಾ