‘ಯಾಕೆ ಸರ್’ ಎನ್ನುವ ಹುಡುಗರು: ಗೆಳೆಯನಿಗೊಂದು ಪತ್ರ

ಪ್ರಿಯ ಮಿತ್ರನಿಗೆ ನಮಸ್ಕಾರಗಳು.

ನಿನ್ನ ಬ್ಯಾಂಕ್ ಶಾಖೆಗೆ ಹೊಸದಾಗಿ ಬಂದಿರುವ ಹುಡುಗ ಸಂಜೆ ಆರಕ್ಕೆ ಚೀಲ ಹೆಗಲಿಗೇರಿಸಿ ಹೊರಡುತ್ತಾನೆ, ಭಾನುವಾರ ಫೋನ್ ಎತ್ತುವುದಿಲ್ಲ, ಯಾವ ಕೆಲಸ ಹೇಳಿದರೂ ‘ಯಾಕೆ ಸರ್’ ಎನ್ನುತ್ತಾನೆ ಎಂದು ನೊಂದು ಬರೆದಿದ್ದೀಯ. ಎರಡು ವರ್ಷಗಳ ಹಿಂದೆ ನಾನೂ ಇದೇ ಮಾತನ್ನು ಆಡುತ್ತಿದ್ದೆ.

ನಾವು ಗುಮಾಸ್ತರಾಗಿ ಸೇರಿದ 1989ರಲ್ಲಿ, ಲೆಡ್ಜರಿನಲ್ಲಿ ಹತ್ತು ಪೈಸೆ ತಾಳೆಯಾಗದಿದ್ದರೂ ಅದು ಸಿಗುವವರೆಗೆ ರಾತ್ರಿ ಕುಳಿತು ಹುಡುಕುತ್ತಿದ್ದೆವು. ಈಗ ಆ ಲೆಕ್ಕವನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಆದರೂ ಮ್ಯಾನೇಜರ್ ಏಳುವವರೆಗೆ ಯಾರೂ ಏಳಬಾರದೆಂಬ ಪದ್ಧತಿಯನ್ನು ಮಾತ್ರ ನಾನು ಉಳಿಸಿಕೊಂಡು ಬಂದಿದ್ದೆ, ಅದನ್ನೇ ನಿಷ್ಠೆಯೆಂದು ನಂಬಿದ್ದೆ. ಇಲ್ಲಿನ ಇಪ್ಪತ್ತೈದು ವರ್ಷದ ಆಫೀಸರ್ ಹುಡುಗಿಯೊಬ್ಬಳು ಒಂದು ಸಂಜೆ ಹೊರಟಾಗ ಎಲ್ಲರೆದುರು ಗದರಿಬಿಟ್ಟೆ. ‘ಯಾವ ಕೆಲಸ ಬಾಕಿಯಿದೆ ಹೇಳಿ ಸರ್, ಮುಗಿಸಿಯೇ ಹೋಗುತ್ತೇನೆ’ ಎಂದಳು. ಬಾಕಿ ಏನೂ ಇರಲಿಲ್ಲ.

ಅರಸೀಕೆರೆ ಜಂಕ್ಷನ್ ಆದ್ದರಿಂದ ನಮ್ಮಲ್ಲಿ ರೈಲ್ವೆ ಪಿಂಚಣಿದಾರರು ಬಹಳ. ನವೆಂಬರಿನಲ್ಲಿ, ತಾವು ಬದುಕಿದ್ದೇವೆಂದು ತೋರಿಸುವ ಜೀವನ ಪ್ರಮಾಣಪತ್ರ ಕೊಡದಿದ್ದರೆ ಮುಂದೆ ಪಿಂಚಣಿ ನಿಲ್ಲುತ್ತದೆ, ಅದರೊಂದಿಗೆ ಹಲವರ ಮಾತ್ರೆ ಔಷಧಿಯೂ ನಿಲ್ಲುತ್ತದೆ ಎಂದು ಅವಳಿಗೆ ಬಿಡಿಸಿ ಹೇಳಿದೆ. ಎಂಬತ್ತು ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದಾದ್ದರಿಂದ, ಅವಳು ಆ ತಿಂಗಳೇ ಪಟ್ಟಿ ಮಾಡಿಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಹಾಸಿಗೆ ಹಿಡಿದಿದ್ದ ಹಳಿ ದುರಸ್ತಿ ಮಾಡುತ್ತಿದ್ದ ಹಳೆಯ ಗ್ಯಾಂಗ್‌ಮನ್ ಒಬ್ಬರ ಮನೆ ನನಗೆ ಗೊತ್ತಿದ್ದುದರಿಂದ ಜೊತೆಗೆ ಹೋದೆ. ಸುತ್ತಿಗೆ ಹಿಡಿದು ಹಿಡಿದು ಅವರ ಬೆರಳಿನ ಗೆರೆಗಳು ಸವೆದಿದ್ದವು, ಯಂತ್ರ ಗುರುತಿಸುತ್ತಿರಲಿಲ್ಲ. ಅವಳು ದಿಂಬು ಎತ್ತರಿಸಿ, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಫೋನ್ ಹಿಡಿದು ‘ಕಣ್ಣು ಮಿಟುಕಿಸಿ ತಾತ’ ಎಂದಳು. ಮೂರನೆಯ ಸಲಕ್ಕೆ ಮುಖ ದಾಖಲಾಯಿತು. ಆಗ ಗಂಟೆ ಏಳೂಕಾಲು. ಅವಳು ಗಡಿಯಾರ ನೋಡಲಿಲ್ಲ.

ಈ ಹೊಸಬರದೆಲ್ಲವೂ ಸರಿಯೆಂದಲ್ಲ. ಸಾಲ ಮಂಜೂರಾಗದ ರೈತನಿಗೆ ಮೆಸೇಜಿನಲ್ಲೇ ತಿಳಿಸಹೊರಟಿದ್ದಳು. ಕರೆದು ಕೂರಿಸಿ, ಕಾರಣ ಹೇಳಿ ಕಳುಹಿಸಬೇಕೆಂದು ನಾನು ಪಟ್ಟುಹಿಡಿದೆ. ಕಾರಣ ಕೇಳುವ ಹಕ್ಕು ಅವಳಿಗಿರುವಂತೆ ಆ ರೈತನಿಗೂ ಇದೆಯೆಂದಾಗ ಒಪ್ಪಿಕೊಂಡಳು.

ಭಾನುವಾರದ ಫೋನಿನ ವಿಷಯದಲ್ಲಿ ನಾನು ನಿನ್ನ ಹುಡುಗನ ಪಕ್ಷ. 2015ರ ಸೆಪ್ಟೆಂಬರಿನಿಂದ ಎರಡನೆಯ, ನಾಲ್ಕನೆಯ ಶನಿವಾರ ರಜೆಯಾದಾಗ ನಾವಿಬ್ಬರೂ ಎಷ್ಟು ಹಿಗ್ಗಿದ್ದೆವು, ನೆನಪಿದೆಯೇ? ನಿಜವಾಗಿ ತುರ್ತಿದ್ದರೆ, ಏಕೆ ತುರ್ತೆಂದು ಎರಡು ಸಾಲು ಬರೆದು ಕಳುಹಿಸಿ ನೋಡು. ಅವನು ಏನೆಂದನೆಂದು ನನಗೆ ತಿಳಿಸು.

ನಿನ್ನ ಗೆಳೆಯ