ಸಂಜೆ ತರಗತಿಯ ಎರಡು ವರ್ಷ: ಹೇಳಲೇಬೇಕಾದ ಕೆಲವು ಕೃತಜ್ಞತೆಗಳು

ನಮ್ಮ ವಯಸ್ಕರ ಸಂಜೆ ತರಗತಿಯ ಮೊದಲ ತಂಡ ಕಳೆದ ವಾರ ತನ್ನ ಕೊನೆಯ ಪರೀಕ್ಷೆಯನ್ನು ಮುಗಿಸಿತು. ಎರಡು ವರ್ಷಗಳ ಹಿಂದೆ ಸೇರಿದ್ದ 19 ಮಂದಿಯಲ್ಲಿ 16 ಮಂದಿ ಇಂದು ಒಂದು ಪುಟವನ್ನು ಯಾರ ನೆರವೂ ಇಲ್ಲದೆ ಓದಿ ಅರ್ಥ ಹೇಳಬಲ್ಲರು, ದಿನಬಳಕೆಯ ಲೆಕ್ಕವನ್ನು ಕಾಗದದ ಮೇಲೆ ಬರೆದು ಬಿಡಿಸಬಲ್ಲರು. ಒಂದು ಹಳೆಯ ಲ್ಯಾಪ್‌ಟಾಪ್, ನನ್ನ ಫೋನು ಮತ್ತು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಕೆಲವು ಸಾಧನಗಳು, ಇಷ್ಟೇ ನಮ್ಮ ಬಳಿ ಇದ್ದ ಬೋಧನಾ ಸಾಮಗ್ರಿ. ಆ ಸಾಧನಗಳನ್ನು ರೂಪಿಸಿದವರಿಗೂ ಅವುಗಳನ್ನು ಹೇಗೆ ಬಳಸಬೇಕೆಂದು ನನಗೆ ಕಲಿಸಿಕೊಟ್ಟವರಿಗೂ ಕೃತಜ್ಞತೆ ಸಲ್ಲಿಸಲು ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೃತಜ್ಞತೆ, ಕ್ಷಮೆಯಾಚನೆಯೊಂದಿಗೆ, ನಮ್ಮ ತರಗತಿಯ ಹಿರಿಯ ಕಲಿಕಾರ್ಥಿಯೊಬ್ಬರಿಗೆ. ಮೊದಲ ತಿಂಗಳಲ್ಲಿ ನಾನು ಬಳಸಿದ ರಸಪ್ರಶ್ನೆಯ ಆಟದಲ್ಲಿ ಬೇಗ ಉತ್ತರಿಸಿದವರಿಗೆ ಹೆಚ್ಚು ಅಂಕ ಸಿಗುತ್ತಿತ್ತು. ಪ್ರತಿ ಸುತ್ತಿನ ಕೊನೆಗೆ ಯಾರು ಮೇಲೆ, ಯಾರು ಕೆಳಗೆ ಎಂಬ ಪಟ್ಟಿ ಪರದೆಯ ಮೇಲೆ ಮೂಡುತ್ತಿತ್ತು. ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುವವರ ಮುಂದೆ ಗಡಿಯಾರ ಓಡಿಸುವುದು ಎಂತಹ ತಪ್ಪು ಎಂದು ನನಗೆ ಆಗ ಹೊಳೆಯಲಿಲ್ಲ. ಮೂರು ದಿನ ಪಟ್ಟಿಯ ತಳದಲ್ಲಿ ತಮ್ಮ ಹೆಸರನ್ನು ಕಂಡ ಅವರು ನಾಲ್ಕನೆಯ ದಿನ ಬರಲಿಲ್ಲ. ಮನೆಗೆ ಹೋಗಿ ಕೇಳಿದಾಗ, "ನನಗೆ ಬರೋದಿಲ್ಲ ಅಂತ ನನಗೆ ಗೊತ್ತಿತ್ತು ಮೇಡಂ, ಎಲ್ಲರಿಗೂ ಗೊತ್ತಾಗಬೇಕಾಗಿರಲಿಲ್ಲ" ಎಂದರು. ಎರಡು ವರ್ಷ ನಾನು ಆರಿಸಿದ ಪ್ರತಿಯೊಂದು ಸಾಧನವನ್ನೂ ಈ ಮಾತಿಟ್ಟೇ ತೂಗಿ ನೋಡಿದ್ದೇನೆ. ಅವರು ಮರಳಿ ಬಂದದ್ದು ಅವರ ದೊಡ್ಡತನ.

ಪ್ಲಿಕರ್ಸ್ ಎಂಬ ಸಾಧನವನ್ನು ನನಗೆ ತೋರಿಸಿಕೊಟ್ಟ ಸಹೋದ್ಯೋಗಿಗೆ ನಾನು ವಿಶೇಷವಾಗಿ ಋಣಿ. ಇದರಲ್ಲಿ ಕಲಿಯುವವರ ಕೈಯಲ್ಲಿ ಫೋನು ಇರಬೇಕಾಗಿಲ್ಲ. ಪ್ರತಿಯೊಬ್ಬರಿಗೂ ಕಪ್ಪು ಬಿಳುಪಿನ ಒಂದು ಆಕೃತಿ ಮುದ್ರಿಸಿದ ಕಾಗದದ ಕಾರ್ಡು ಸಿಗುತ್ತದೆ. ಕಾರ್ಡಿನ ನಾಲ್ಕು ಬದಿಗಳು ನಾಲ್ಕು ಉತ್ತರಗಳು. ತಮಗೆ ಸರಿ ಎನಿಸಿದ ಬದಿಯನ್ನು ಮೇಲೆ ಮಾಡಿ ಎತ್ತಿ ಹಿಡಿದರೆ, ಶಿಕ್ಷಕರ ಫೋನಿನ ಕ್ಯಾಮೆರಾ ಇಡೀ ತರಗತಿಯ ಉತ್ತರಗಳನ್ನು ಒಮ್ಮೆಗೇ ಓದಿಕೊಳ್ಳುತ್ತದೆ. ಒಬ್ಬೊಬ್ಬರ ಕಾರ್ಡಿನ ಆಕೃತಿಯೂ ಬೇರೆಯಾದ್ದರಿಂದ ಪಕ್ಕದವರು ಏನು ಉತ್ತರಿಸಿದರೆಂದು ನೋಡಿ ತಿಳಿಯಲಾಗದು. ಯಾರು ಒತ್ತಕ್ಷರದಲ್ಲಿ ಎಡವಿದರು, ಯಾರಿಗೆ ದೀರ್ಘ ಹ್ರಸ್ವಗಳ ವ್ಯತ್ಯಾಸ ಇನ್ನೂ ತಿಳಿದಿಲ್ಲ ಎಂಬುದು ನನಗೆ ಮಾತ್ರ ತಿಳಿಯುತ್ತಿತ್ತು. ಕಾರ್ಡಿನ ಮೇಲಿರುವುದು ಇಂಗ್ಲಿಷ್ ಅಕ್ಷರಗಳಾದ್ದರಿಂದ, ಹಿಂಬದಿಯಲ್ಲಿ ಆಯಾ ಅಂಚಿಗೆ ಅ, ಆ, ಇ, ಈ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುವ ಉಪಾಯವನ್ನು ಹೇಳಿದವರು ಕಲಿಕಾರ್ಥಿಗಳೇ. ಮರಳಿ ಬಂದ ಆ ಹಿರಿಯರು ಮೊದಲ ಬಾರಿಗೆ ಕಾರ್ಡು ಎತ್ತಿ ಹಿಡಿದ ಸಂಜೆಯನ್ನು ನಾನು ಮರೆಯಲಾರೆ.

ವಿಜ್ಞಾನ ಮತ್ತು ಗಣಿತವನ್ನು ಪರದೆಯ ಮೇಲೆ ಆಡಿ ನೋಡಿ ಕಲಿಯುವ ಉಚಿತ ಚಟುವಟಿಕೆಗಳನ್ನು ಕೊಡುವ, ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ ಆರಂಭಿಸಿದ ಫೆಟ್ ಯೋಜನೆಗೂ, ಅದನ್ನು ತಮ್ಮ ತಮ್ಮ ಭಾಷೆಗಳಿಗೆ ತರುತ್ತಿರುವ ಸ್ವಯಂಸೇವಕರಿಗೂ ನಮನಗಳು. ಅದರ ಭಿನ್ನರಾಶಿಯ ಚಟುವಟಿಕೆಯನ್ನು ಒಮ್ಮೆ ಇಳಿಸಿಕೊಂಡರೆ ಅಂತರ್ಜಾಲವಿಲ್ಲದೆಯೂ ನಡೆಸಬಹುದು. ನಮ್ಮ ಕಲಿಕಾರ್ಥಿಗಳು ಕಾಲು, ಅರ್ಧ, ಮುಕ್ಕಾಲು ಎಂಬ ಲೆಕ್ಕವನ್ನು ಬಾಯಲ್ಲಿ ಹೇಳುತ್ತಲೇ ಬದುಕಿದವರು. ಆದರೂ 1/3 ಮತ್ತು 1/4ರಲ್ಲಿ ದೊಡ್ಡದು ಯಾವುದೆಂದು ಬರೆದು ಕೇಳಿದರೆ, ಮೂರಕ್ಕಿಂತ ನಾಲ್ಕು ದೊಡ್ಡದೆಂದು 1/4ನ್ನೇ ತೋರಿಸುತ್ತಿದ್ದರು. ಛೇದವನ್ನು ಒಂದೊಂದೇ ಹೆಚ್ಚಿಸಿದಂತೆ ಪರದೆಯ ಮೇಲಿನ ವೃತ್ತದ ತುಂಡುಗಳು ಸಣ್ಣದಾಗುತ್ತಾ ಹೋದುದನ್ನು ಕಂಡು, "ಹಂಚಿಕೊಳ್ಳೋರು ಹೆಚ್ಚಾದರೆ ಪಾಲು ಕಡಿಮೆ ತಾನೇ!" ಎಂದು ಒಬ್ಬರು ತಾವಾಗಿಯೇ ಹೇಳಿದರು. ಛೇದಕ್ಕೆ ಅದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಅದುವರೆಗೆ ಕೊಟ್ಟಿರಲಿಲ್ಲ.

ಓದುವ ಪಾಠಗಳ ಕಥೆ ಬೇರೆ. ಉಚಿತವಾಗಿ ಸಿಗುವ ಸುಲಭ ಓದಿನ ಪಠ್ಯಗಳಲ್ಲಿ ಹೆಚ್ಚಿನವು ಮಕ್ಕಳಿಗಾಗಿ ಬರೆದವು, ಮೊಮ್ಮಕ್ಕಳನ್ನು ಕಂಡವರ ಕೈಗೆ ಮೊಲದ ಮರಿಯ ಕಥೆ ಕೊಡಲು ನನಗೆ ಮನಸ್ಸಾಗಲಿಲ್ಲ. ಬದಲಿಗೆ ಅವರವರ ಅನುಭವವನ್ನು ಅವರೇ ಹೇಳಿದರು. ಫೋನಿನ ಧ್ವನಿ ಟೈಪಿಂಗ್ ಅದನ್ನು ಅಕ್ಷರಕ್ಕಿಳಿಸಿತು. ಯಂತ್ರ ಕೆಲವು ಪದಗಳನ್ನು ತಪ್ಪಾಗಿ ಕೇಳಿಸಿಕೊಳ್ಳುತ್ತಿತ್ತು, ಮತ್ತು ಅದೇ ಅತ್ಯುತ್ತಮ ಪಾಠವಾಯಿತು. ಜೀವಮಾನವಿಡೀ ಬೇರೆಯವರಿಂದ ತಿದ್ದಿಸಿಕೊಂಡವರು ತಮ್ಮದೇ ಮಾತಿನ ಅಚ್ಚಿನಲ್ಲಿ ತಪ್ಪು ಹುಡುಕಿ ತಿದ್ದುತ್ತಾ ಕುಳಿತರು. ಚಿತ್ರಗಳು ಬೇಕಾದಾಗ ವಿಕಿಮೀಡಿಯ ಕಾಮನ್ಸ್‌ನಿಂದ ಛಾಯಾಚಿತ್ರಗಳನ್ನು ತೆಗೆದುಕೊಂಡೆವು. ತಾವು ತೆಗೆದ ಚಿತ್ರವನ್ನು ಯಾರು ಬೇಕಾದರೂ ಬಳಸಲಿ ಎಂದು ಮುಕ್ತ ಪರವಾನಗಿಯಲ್ಲಿ ಕೊಟ್ಟ ಆ ಛಾಯಾಗ್ರಾಹಕರು ನಮ್ಮನ್ನು ಎಂದೂ ಭೇಟಿಯಾಗಲಾರರು. ಪರವಾನಗಿ ಕೇಳುವಂತೆ ಪ್ರತಿ ಪುಟದಡಿ ಅವರ ಹೆಸರನ್ನು ಬರೆದಿದ್ದೇವೆ, ಆ ಹೆಸರುಗಳನ್ನೂ ತರಗತಿ ಗಟ್ಟಿಯಾಗಿ ಓದಿದೆ.

ಫೋನಿಗೆ ಆ್ಯಪ್ ಹಾಕಿಕೊಟ್ಟು, ಮನೆಯಲ್ಲಿ ತಾಯಿ ತಂದೆಯರು ಓದುವಾಗ ನಗದೆ ಪಕ್ಕದಲ್ಲಿ ಕುಳಿತ ಮಕ್ಕಳಿಗೂ ಧನ್ಯವಾದಗಳು. ನಡುವೆ ಬಿಟ್ಟು ಹೋದ ಮೂವರಿಗೆ ನಮ್ಮ ಬಾಗಿಲು ತೆರೆದೇ ಇದೆ. ಕಲಿಕಾರ್ಥಿಗಳು ಹೇಳಿ, ತಿದ್ದಿ ಸಿದ್ಧಪಡಿಸಿದ 31 ಪಾಠಗಳನ್ನು ಅವರ ಒಪ್ಪಿಗೆಯಿಂದಲೇ ಮುಂದಿನ ತಂಡಕ್ಕಾಗಿ ಕಾರ್ಡುಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಮೊದಲ ಪಾಠ ನಾಲ್ಕನೆಯ ದಿನ ಬಾರದೆ ಹೋಗಿದ್ದವರದು. ಹೆಸರು ಹಾಕಲೇ ಎಂದು ಕೇಳಿದಾಗ, ತಾವೇ ಹಾಕುವುದಾಗಿ ಹೇಳಿ ಪೆನ್ನು ತೆಗೆದುಕೊಂಡರು.